ಗಂಗಹನುಮಯ್ಯನವರ ಹಸಿರು ಕೊಳ

ಗಂಗಹನುಮಯ್ಯನವರು ಯಾರ ಮನೆಗೆ ಹೋದರೂ ಕೊಟ್ಟ ನೀರನ್ನು ಕೂಡಲೇ ಕುಡಿದವರಲ್ಲ. ಲೋಟವನ್ನು ಮುಖದ ಹತ್ತಿರ ತಂದು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದರೊಳಗೆ ಇಣುಕಿ, ಒಮ್ಮೆ ಮೂಸಿ, ಆ ಜಲಕ್ಕೆ ಮನಸ್ಸಿನಲ್ಲೇ ಒಂದು ತೀರ್ಪು ಕೊಟ್ಟು, ಆಮೇಲೆ ಗಟಗಟನೆ ಇಳಿಸುತ್ತಿದ್ದರು. ಗುಬ್ಬಿಯ ನಂಟರ ಮನೆಯ ನಿಶ್ಚಿತಾರ್ಥದಲ್ಲಿ ಈ ಪರೀಕ್ಷೆ ಕಂಡ ಮನೆಯಾಕೆ ಚೆನ್ನಮ್ಮ, ಇರುವೆ ಬಿದ್ದಿರಬೇಕೆಂದು ಗಾಬರಿಯಾಗಿ ಲೋಟಕ್ಕೆ ಕೈಚಾಚಿದರಂತೆ. "ನೀರಿಂದೇನೂ ತಪ್ಪಿಲ್ಲ ಕಣಮ್ಮ, ನಿಮ್ಮ ಮೋಟ್ರು ಎಣ್ಣೆ ಕಕ್ತಾ ಐತೆ. ಅದೇನ್ ಮಹಾ ಬುಡಿ" ಎಂದವರೇ ಹಿತ್ತಲಿನ ಪಂಪಿನತ್ತ ನಡೆದರು. ಹುಡುಗ ಹುಡುಗಿ ಉಂಗುರ ಬದಲಾಯಿಸುವ ಹೊತ್ತಿಗೆ ಇವರ ಕೈ ಮೊಣಕೈವರೆಗೆ ಮಸಿಯಾಗಿತ್ತು.

ಸತ್ಯಮಂಗಲದಲ್ಲಿ ಪಂಪು ಮೋಟಾರುಗಳ ರಿಪೇರಿ ಮಾಡುತ್ತ ಆಯುಷ್ಯದ ಬಹುಭಾಗ ಕಳೆದವರು ಅವರು. ಸಾಮಾನಿನ ಪೆಟ್ಟಿಗೆ ಹೊತ್ತೂ ಹೊತ್ತೂ ಬಲಭುಜ ಇಳಿದುಹೋಗಿ, ಬರಿಗೈಯಲ್ಲಿ ಹೋಗುವಾಗಲೂ ಬಲಕ್ಕೆ ವಾಲಿಯೇ ನಡೆಯುತ್ತಿದ್ದರು. ವರ್ಕ್‌ಶಾಪನ್ನು ಜೊತೆಗಾರ ಭೀಮರಾಜನಿಗೆ ಒಪ್ಪಿಸಿ ಶೆಟ್ಟಿಹಳ್ಳಿಯ ಮನೆಯಲ್ಲಿ ವಿಶ್ರಾಂತಿಗೆ ಕುಳಿತ ಮೇಲೂ ಖಾಕಿ ಕೋಟು ಮೈಬಿಡಲಿಲ್ಲ. ಅದರ ಜೇಬಿನಲ್ಲಿ ಸ್ಕ್ರೂಡ್ರೈವರು, ವಾಷರು, ಒಂದೆರಡು ಶುಂಠಿ ಪೆಪ್ಪರಮೆಂಟು ಸದಾ ಸಹಬಾಳ್ವೆ ನಡೆಸುತ್ತಿದ್ದವು. ಲೋಕದ ಯಾವ ಸಂಕಟಕ್ಕೂ ಅವರಲ್ಲಿದ್ದ ಉತ್ತರ "ಅದೇನ್ ಮಹಾ ಬುಡಿ" ಎಂಬುದೊಂದೇ.

ಆ ಉತ್ತರ ಕೆಲಸಕ್ಕೆ ಬಾರದೆ ಹೋದದ್ದು ಹೆಂಡತಿ ರಂಗಲಕ್ಷ್ಮಮ್ಮನವರ ಮಂಡಿನೋವಿನ ಮುಂದೆ. ಒಂದು ಬೆಳಿಗ್ಗೆ ಆಕೆ ಬಾಗಲಾರದೆ, ನಿಂತಲ್ಲಿಂದಲೇ ರಂಗೋಲಿ ಪುಡಿ ಉದುರಿಸಿ, ಸುತ್ತ ಯಾರೂ ನೋಡಲಿಲ್ಲವಷ್ಟೇ ಎಂದು ಕಣ್ಣಾಡಿಸಿ ಒಳಗೆ ಹೋದರು. ಕಿಟಕಿಯಿಂದ ನೋಡಿದ ಗಂಗಹನುಮಯ್ಯನವರು ಅಂದೇ ಆಕೆಯನ್ನು ಡಾಕ್ಟರ ಬಳಿಗೆ ಕರೆದೊಯ್ದರು. ನೀರಿನಲ್ಲಿ ನಡೆದಾಡಿದರೆ ಮಂಡಿಗೆ ಭಾರ ಬೀಳುವುದಿಲ್ಲವೆಂದು ಡಾಕ್ಟರು ಹೇಳಿದ್ದೇ ತಡ, ಸಂಜೆಗೆ ಹಿತ್ತಲಲ್ಲಿ ಟೇಪು ಹಿಡಿದು ನಿಂತರು. ಹೀಗೆ ಎರಡು ಸಾವಿರದ ಒಂದರಲ್ಲಿ ನಮ್ಮ ಬೀದಿಗೊಂದು ಈಜುಕೊಳ ಬಂತು. ಬೀದಿಯವರೆಲ್ಲ ಅದನ್ನು ಸ್ವಿಮ್ಮಿಂಗ್ ಪೂಲು ಎಂದರು. ರಂಗಲಕ್ಷ್ಮಮ್ಮ ಮಾತ್ರ ತೊಟ್ಟಿ ಎಂದರು.

ಕೊಳ ತುಂಬಿದ ವಾರದಲ್ಲೇ ನೀರು ಹಸಿರಾಯಿತು. "ಪಾಚಿ ಕಣ್ರೀ, ಜಾರಿ ಬಿದ್ರೆ ಇರೋ ಸೊಂಟಾನೂ ಹೋಯ್ತದೆ. ನಾನಿಳಿಯಲ್ಲ" ಎಂದು ರಂಗಲಕ್ಷ್ಮಮ್ಮ ಸೆರಗು ಬಿಗಿದುಕೊಂಡು ಹಿಂದೆ ಸರಿದರು. ಅಲ್ಲಿಂದ ಶುರುವಾಯಿತು ಮಹಾಸಮರ. ನೀರು ಖಾಲಿ ಮಾಡಿ, ತೆಂಗಿನ ನಾರಿನ ಬ್ರಷ್ಷಿನಿಂದ ಗೋಡೆ ಉಜ್ಜಿ, ಬೋರ್‌ವೆಲ್ಲಿನ ನೀರು ತುಂಬಿ, ಬ್ಲೀಚಿಂಗ್ ಪುಡಿ ಸುರಿದು, ಅದರ ಖಾರ ಬಿಸಿಲಿಗೆ ಇಳಿಯುವವರೆಗೆ ಕಾಯುತ್ತಿದ್ದರು. ನೀರು ಸ್ಫಟಿಕದಂತಾಗುತ್ತಿತ್ತು. "ಶುಕ್ರವಾರ ಒಳ್ಳೆ ದಿನ, ಅವತ್ತೇ ಇಳಿ" ಎಂದು ಹೆಂಡತಿಗೆ ಹೇಳುತ್ತಿದ್ದರು. ಗುರುವಾರದ ಹೊತ್ತಿಗೆ ನೀರು ಮತ್ತೆ ಹಸಿರು! ಪಾಚಿ ಕೊಲ್ಲುವ ಮೈಲುತುತ್ತ ಹಾಕಿ ನೋಡಿದರು, ಫಿಲ್ಟರು ಬದಲಾಯಿಸಿದರು. ಚೆಲ್ಲಿದ ಪಾಚಿನೀರು ಕುಡಿದು ನಮ್ಮೆಲ್ಲರ ತೆಂಗಿನ ಮರಗಳು ಗೊನೆ ಹೊರಲಾರದಷ್ಟು ಕಾಯಿ ಬಿಟ್ಟವು. "ಊರಿನ ಪಂಪೆಲ್ಲಾ ರಿಪೇರಿ ಮಾಡಿದ್ರಿ, ಮನೆ ತೊಟ್ಟಿ ಒಲೀಲಿಲ್ವಲ್ಲಣ್ಣ" ಎಂದು ಭೀಮರಾಜ ಕಾಲೆಳೆದಾಗ ಅವರು ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡು ಮತ್ತೆ ಬ್ರಷ್ಷು ಹಿಡಿದರು. ಅಷ್ಟರಲ್ಲಿ ರಂಗಲಕ್ಷ್ಮಮ್ಮನವರು ರಂಗೋಲಿಯನ್ನೇ ಬಿಟ್ಟಿದ್ದರು. ಬಾಗಿಲು ಬೋಳಾಗಿತ್ತು.

ಗುಟ್ಟು ರಟ್ಟಾದದ್ದು ಸಂಡಿಗೆ ಹಾಕಲು ಆಕೆ ಕುಂಟುತ್ತ ಹಿತ್ತಲಿಗೆ ಬಂದ ದಿನ. ಕಾಂಪೌಂಡಿನ ಮೇಲೆ ಬಿಸಿಲಿಗೆ ಕೂತಿದ್ದ ಬಿಳಿ ಪ್ಲಾಸ್ಟಿಕ್ ಕ್ಯಾನಿನ ತಳದಲ್ಲಿ ಒಂದಿಷ್ಟು ನೀರು ಉಳಿದಿತ್ತು. ಅದೂ ಕೊಳದಷ್ಟೇ ಹಸಿರು.

"ಇದೆಲ್ಲಿ ನೀರು?"

ಗಂಗಹನುಮಯ್ಯನವರು ಕೋಟಿನ ಗುಂಡಿ ತಿರುವಿದರು. "ಗೂಳೂರು ಕೆರೇದು."

"ನಮ್ಮೂರುದ್ದಾ? ಇಲ್ಯಾಕೆ ಬಂತು?"

"ಹೊಸ ಬಾವಿಗೆ ಸೊಸೆ ತವರಿನ ನೀರು ಬೆರೆಸ್ದೆ ಅವಳನ್ನ ಇಳಿಸ್ಬಾರ್ದು ಅಂತ ನಮ್ಮವ್ವ ಹೇಳ್ತಿರ್ಲಿಲ್ವಾ? ಪ್ರತಿ ಸಲ ತುಂಬ್ದಾಗ್ಲೂ ಒಂದ್ ಕ್ಯಾನು ತಂದು ಸುರೀತಿದ್ದೆ. ನೀನು ತೊಟ್ಟಿ ಅಂತ ನಗ್ತಿದ್ದೆ, ಅದ್ಕೇ ಹೇಳ್ಲಿಲ್ಲ."

ಹೇಳುತ್ತ ಹೇಳುತ್ತಲೇ ಅವರಿಗೆ ಎಲ್ಲ ಹೊಳೆಯಿತು. ಬ್ಲೀಚಿಂಗಿನ ಖಾರ ಇಳಿದ ಮೇಲೆ ಕೆರೆಯ ಪಾಚಿಯನ್ನು ತಾವೇ ಭಕ್ತಿಯಿಂದ ತಂದು ಬಿತ್ತಿ, ಅದು ಮೊಳೆತು ಹಬ್ಬಲೆಂದು ಶುಕ್ರವಾರದವರೆಗೆ ಕಾದು ಕುಳಿತಿದ್ದರು! ಕಂಡವರ ಮನೆಯ ನೀರನ್ನೆಲ್ಲ ಇಣುಕಿ ಮೂಸಿದ ಮನುಷ್ಯ ಈ ಒಂದು ನೀರನ್ನು ಒಮ್ಮೆಯೂ ಮೂಸಿರಲಿಲ್ಲ. ಹೆಂಡತಿಯ ತವರಿನ ನೀರಿಗೆ ಪರೀಕ್ಷೆಯೇ? ಅವರ ಮುಖ ಬಾಡಿಹೋಯಿತು.

ರಂಗಲಕ್ಷ್ಮಮ್ಮ ನಕ್ಕರು. ಸಂಡಿಗೆ ಹಿಟ್ಟಿನ ಪಾತ್ರೆ ಕೆಳಗಿಟ್ಟು, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೊಳದ ಅಂಚಿಗೆ ಹೋಗಿ ಆ ಹಸಿರನ್ನು ನೋಡುತ್ತಲೇ ಸೆರಗು ಸಿಕ್ಕಿಸಿದರು.

"ಈ ಪಾಚೀಲೇ ಕಣ್ರೀ ನಾನು ಈಜು ಕಲ್ತಿದ್ದು. ಕೈ ಕೊಡಿ."

"ಜಾರ್ತದೆ ಕಣೇ, ಬ್ಯಾಡ. ತೊಳ್ದು ಬೇರೆ ನೀರು ತುಂಬ್ತೀನಿ."

"ಅದೇನ್ ಮಹಾ ಬುಡಿ" ಎಂದರು ರಂಗಲಕ್ಷ್ಮಮ್ಮ.

ಕೋಟು ಬಿಚ್ಚಲೂ ಪುರುಸೊತ್ತಿಲ್ಲದೆ ಗಂಗಹನುಮಯ್ಯನವರು ಮೊದಲು ಇಳಿದು, ಕಾಲೂರಿ ನಿಂತು, ಎರಡೂ ಕೈ ಚಾಚಿದರು. ಅಂದು ಸೊಂಟಮಟ್ಟದ ಹಸಿರು ನೀರಿನಲ್ಲಿ, ಸ್ಕ್ರೂಡ್ರೈವರು ತುಂಬಿದ ಖಾಕಿ ಕೋಟನ್ನು ಆತುಕೊಂಡು ರಂಗಲಕ್ಷ್ಮಮ್ಮ ಈ ತುದಿಯಿಂದ ಆ ತುದಿಗೆ ನಡೆದದ್ದನ್ನು ನಮ್ಮ ಬೀದಿಯ ಮಹಡಿಗಳೆಲ್ಲ ನೋಡಿದವು.

ಮುಂದೆ ಗೂಳೂರಿನ ನೀರು ಬರುವುದೇನೂ ನಿಲ್ಲಲಿಲ್ಲ. ಆದರೆ ಒಲೆಯ ಮೇಲೆ ಕುದಿದು, ಆರಿ, ಸೋಸಿಕೊಂಡು ಕೊಳ ಸೇರುತ್ತಿತ್ತು. ಪಾಚಿ ಆಗೊಮ್ಮೆ ಈಗೊಮ್ಮೆ ಇಣುಕಿ, ಮರ್ಯಾದೆಯಿಂದ ಹಿಂತಿರುಗುತ್ತಿತ್ತು. ಆ ವರ್ಷದ ದೀಪಾವಳಿಯ ಬೆಳಿಗ್ಗೆ ಆಕೆ ಬಾಗಿಲಲ್ಲಿ ಬಾಗಿ ಕುಳಿತು ಚುಕ್ಕಿ ಇಡುತ್ತಿದ್ದರೆ, ಕಿಟಕಿಯಾಚೆ ಖಾಕಿ ಕೋಟೊಂದು ಬಲಕ್ಕೆ ವಾಲಿ ನಿಂತಿತ್ತು.

ಇಂಥ ಗಂಡಸರು ನಮ್ಮ ಕಡೆ ಬಹಳ. ಹೆಂಡತಿಯ ಮೇಲಿನ ಅಕ್ಕರೆಯನ್ನು ಬಾಯಿಬಿಟ್ಟು ಹೇಳಲು ನಾಚಿ, ಅದನ್ನು ಕ್ಯಾನಿನಲ್ಲಿ ತುಂಬಿ ಕದ್ದು ತರುತ್ತಾರೆ. ತಂದು, ತಾವೇ ಕಟ್ಟಿದ್ದನ್ನು ತಾವೇ ಕೆಡಿಸುತ್ತಾರೆ. ಅವರನ್ನು ಕಟ್ಟಿಕೊಂಡವರು ಒಂದಲ್ಲ ಒಂದು ದಿನ ಆ ಕೆಟ್ಟ ನೀರಿನ ಮುಂದೆ ನಿಂತು, ಅದು ಎಲ್ಲಿಂದ ಬಂತೆಂದು ತಿಳಿದು, ಸೆರಗು ಸಿಕ್ಕಿಸಿ ಇಳಿಯುತ್ತಾರೆ. ಸಂಸಾರವೆನ್ನುವುದು ಬಹುಪಾಲು ಹೀಗೆಯೇ ನಡೆದಿದೆ.