ಒಡಪು ಹಾಕಿ ದಾಟಿದ ಹಗ್ಗ

ಹೆಂಗಸು ಕಾರು ಓಡಿಸಿದರೆ ವಿಜಾಪುರದ ಗಂಡಸರಿಗೆ ಅದೇನು ಹೊಟ್ಟೆನೋವೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ. ೧೯೬೩ರ ಚಳಿಗಾಲದ ಮಾತು. ಊರಿನಲ್ಲಿ ಕಾರಿದ್ದ ಆರೇಳು ಮಂದಿ ವರ್ಷಕ್ಕೊಮ್ಮೆ ಪಂದ್ಯ ಇಟ್ಟುಕೊಳ್ಳುತ್ತಿದ್ದರು. ಗೋಳಗುಮ್ಮಟದ ಮುಂದಿನಿಂದ ಹೊರಟು ಟಿಕೋಟಾ, ಬಬಲೇಶ್ವರ ಸುತ್ತಿ ಮತ್ತೆ ಅಲ್ಲಿಗೇ ಬರಬೇಕು. ನಮ್ಮವರು ಅರಳೆ ಬಿಡಿಸುವ ಜಿನ್ನಿನ ಮಾಲೀಕರು, ನಮ್ಮದು ಫಿಯಟ್. ಪಂದ್ಯದ ಮುಂಜಾನೆಯೇ ಕಾರು ಚಾಲೂ ಮಾಡಲು ಮುಂದಿನಿಂದ ಹ್ಯಾಂಡಲ್ ಹೊಡೆಯುವಾಗ ಅದು ಹಿಂದಕ್ಕೆ ತಿರುಗಿ ಅವರ ಮುಂಗೈ ಮುರಿಯಿತು.

"ನಾ ಓಡಸ್ತೇನಿ" ಎಂದೆ. ಓಡಿಸಲು ಕಲಿಸಿದವರೇ ಅವರು, ಬೇಡ ಎನ್ನಲಿಲ್ಲ.

ಬೇಡ ಎಂದವನು ಅಮರಪ್ಪ. ಬೇಳೆ ಮಿಲ್ಲಿನ ಸಾಹುಕಾರ. ಅವನದು ಮೇಲೆ ಚಾವಣಿಯಿಲ್ಲದ, ಇಬ್ಬರೇ ಕೂರುವ ಕೆಂಪು ಎಂ.ಜಿ. ಕಾರು. ಅದರ ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದ.

"ಗಂಡನ ಬದ್ಲಿ ಅಂತ ಈ ಸಲ ಬರ್ರಿ ವೈನಿಯಾರ. ನನಗಿಂತ ಮುಂದ ಬಂದ್ರ ಪ್ರತಿ ವರ್ಷ ಕರೀತೇವಿ. ಹಿಂದ ಬಿದ್ರ ಮತ್ತ ಪಂದ್ಯದ ಸುದ್ದಿ ಎತ್ತಬಾರದು."

"ಆತು" ಎಂದೆ.

ಟಿಕೋಟಾ ದಾಟುವವರೆಗೆ ಎಂ.ಜಿ. ಮುಂದಿತ್ತು, ಅದರ ಬೆನ್ನಿಗೆ ನಾನು, ಉಳಿದ ಕಾರುಗಳು ಬಹಳ ಹಿಂದೆ. ಆಮೇಲೆ ಕುರಿಹಿಂಡು ಅಡ್ಡ ಬಂತು. ಅಮರಪ್ಪ ಹಾರ್ನ್ ಬಾರಿಸಿದ, ಕುರಿಗಳು ಬೆದರಿ ಅವನ ಕಾರನ್ನೇ ಮುತ್ತಿದವು. ನಾನು ಸದ್ದಿಲ್ಲದೆ ಬದಿಯಿಂದ ಜಾರಿಕೊಂಡೆ.

ಬಬಲೇಶ್ವರದಲ್ಲಿ ರಸ್ತೆಗೆ ಅಡ್ಡ ಹಗ್ಗ ಕಟ್ಟಿದ್ದರು. ಯಾರೂ ನಡುದಾರಿಯಿಂದ ತಿರುಗಿ ಬರಬಾರದೆಂದು ಒಂದು ನಿಯಮ: ಓಡಿಸುವವರು ಕಾರಿನ ಮಾಲೀಕರ ಹೆಸರು ಬಾಯಿಬಿಟ್ಟು ಹೇಳಿದರೆ ಮಾತ್ರ ಕಾವಲಿಗಿದ್ದ ಭಾಗಪ್ಪ ಅದನ್ನು ಬರೆದುಕೊಂಡು ಹಗ್ಗ ಇಳಿಸಬೇಕು. ನಿಯಮ ಮಾಡಿದವರೆಲ್ಲ ಗಂಡಸರು. ಹೆಸರು ಹೇಳುವುದೂ ಒಂದು ಕಷ್ಟವೆಂದು ಅವರಿಗೇನು ಗೊತ್ತು? ಭಾಗಪ್ಪ ನಮ್ಮ ಜಿನ್ನಿನಲ್ಲೇ ಕೆಲಸಕ್ಕಿದ್ದವನು. ಪಕ್ಷಪಾತ ಅಂದಾರೆಂದು ಅವತ್ತು ಇನ್ನಷ್ಟು ಬಿಗಿಯಾಗಿದ್ದ.

"ಗಾಡಿ ಯಾರದರಿ ಅಕ್ಕಾರ?"

"ನಮ್ಮವರದು. ನಿನಗ ಗೊತ್ತಿಲ್ಲೇನು?"

"ಗೊತ್ತೈತ್ರಿ. ಆದ್ರ ಹೆಸರು ನಿಮ್ಮ ಬಾಯಿಲೆ ಬರಬೇಕ್ರಿ. ಇಲ್ಲಂದ್ರ ಮಂದಿ ನನಗ ಅಂತಾರ."

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿ ಬೆಳೆದವಳು ನಾನು. ಅದೂ ಅವರು ಕೈ ಮುರಿದುಕೊಂಡು ಕೂತ ದಿನ. ನನಗೆ ಹೆದರಿಕೆಯಾಯಿತು. ನೀರಿಗೆ ಹೊರಟ ಹೆಂಗಸರು ಕಾರಿನ ಸುತ್ತ ಕೂಡಿದರು.

"ಒಡಪು ಹಾಕಬೇ, ಬಿಡತಾನ" ಎಂದಳು ಒಬ್ಬಳು.

ಪ್ರಾಸ ಕಟ್ಟಿ ಅದರೊಳಗೆ ಹೆಸರು ಸೇರಿಸುವುದೇ ಒಡಪು, ಹಾಗೆ ಹೇಳಿದರೆ ದೋಷವಿಲ್ಲ. ಆದರೆ ಮದುವೆಯಲ್ಲಿ ಹೇಳಿದ್ದ ಒಡಪು ಮರೆತೇಹೋಗಿತ್ತು. ನೆನಪಿಸಿಕೊಳ್ಳುವಷ್ಟರಲ್ಲಿ ಎಂ.ಜಿ. ಬಂತು. ಅಮರಪ್ಪ ತನ್ನ ಹೆಸರು ತಾನೇ ಕೂಗಿ, ನನ್ನ ಕಡೆ ನೋಡಿ ನಕ್ಕು, ಹಗ್ಗ ದಾಟಿ ಹೋದ. ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಒಡಪು ಹುಟ್ಟಿತು:

"ಬಿಸಿ ಬಿಸಿ ರೊಟ್ಟಿಗೆ ಬೇಕು ಬೆಣ್ಣಿ ತುಪ್ಪ,
ಹಗ್ಗ ಇಳಸೋ ತಮ್ಮಾ, ಗಾಡಿ ಮಾಲಕ ಶಿವಯೋಗೆಪ್ಪ."

ಹೆಂಗಸರು ಕೇಕೆ ಹಾಕಿದರು. ಹಗ್ಗ ಇಳಿಯಿತು.

ಮುಂದೆ ರಸ್ತೆ ತುಂಬ ಮೇವು ಹೇರಿದ ಚಕ್ಕಡಿಗಳ ಸಾಲು. ಎಂ.ಜಿ. ಅವುಗಳ ಹಿಂದೆ ಸಿಕ್ಕಿಕೊಂಡಿತ್ತು. ನಾನು ಸ್ಟೇರಿಂಗ್ ತಿರುಗಿಸಿ ಸಜ್ಜೆ ಕೊಯ್ದ ಹೊಲಕ್ಕೆ ಫಿಯಟ್ ಇಳಿಸಿದೆ. ತಲೆ ಚಾವಣಿಗೆ ಬಡಿಯಿತು, ಬಳೆ ಒಡೆದವು, ಆಕ್ಸಿಲರೇಟರ್ ಮೇಲಿನ ಕಾಲು ಮಾತ್ರ ಸಡಿಲಿಸಲಿಲ್ಲ. ಆ ಗಿಡ್ಡ ಕಾರು ಹೊಲಕ್ಕೆ ಇಳಿಯುವಂತಿರಲಿಲ್ಲ. ಚಕ್ಕಡಿಗಳ ಮುಂದೆ ರಸ್ತೆ ಹತ್ತಿದವಳು ಗೋಳಗುಮ್ಮಟ ಮುಟ್ಟುವವರೆಗೆ ಹಿಂದೆ ನೋಡಲಿಲ್ಲ.

"ಮೊದಲ ನಂಬರ ಶಿವಯೋಗೆಪ್ಪ" ಎಂದು ಯಾರೋ ಕೂಗಿದರು. ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ನಮ್ಮವರ ಕೊರಳಿಗೆ ಹಾರ ಬಿತ್ತು. ಧೂಳು ಮೆತ್ತಿಕೊಂಡ ನನ್ನನ್ನು ಯಾರೂ ನೋಡಲಿಲ್ಲ. ಅಳು ಬಂತು. ಹಿಂದೆಯೇ ಬಂದ ಅಮರಪ್ಪ ಕೊಟ್ಟ ಮಾತಿನಿಂದ ಜಾರಿಕೊಳ್ಳಲು ನೋಡಿದ.

"ಗೆದ್ದಾಂವ ಶಿವಯೋಗೆಪ್ಪ. ಮುಂದಿನ ವರ್ಷ ಅವನ್ನ ಕರೀತೇವಿ, ಅಷ್ಟ."

ಮದುವೆಯಾದಾಗಿನಿಂದ ನಮ್ಮವರು ನನ್ನನ್ನು "ಏ, ಇಲ್ನೋಡು" ಎಂದೇ ಕರೆದವರು. ಅವತ್ತು ಎಡಗೈಯಲ್ಲಿ ಹಾರ ತೆಗೆದು ಕಾರಿನ ಮೇಲಿಟ್ಟರು.

"ಗೆದ್ದಾಕಿ ಕಾಶಿಬಾಯಿ" ಎಂದರು. ಕೆಲವರು ನಕ್ಕರು. ನಮ್ಮವರು ಇನ್ನೂ ಗಟ್ಟಿಯಾಗಿ ಹೇಳಿದರು: "ಕಾಶಿಬಾಯಿ ಓಡಿಸ್ಯಾಳ, ಕಾಶಿಬಾಯಿ ಗೆದ್ದಾಳ."

ನಾನು ಸೆರಗಿನಿಂದ ಮುಖ ಒರೆಸಿಕೊಂಡು ಅಮರಪ್ಪನ ಎದುರಿಗೆ ಹೋಗಿ ನಿಂತೆ.

"ಮುಂದಿನ ವರ್ಷ ಎಷ್ಟು ಗಂಟೇಕ ಬರ್ಲಿರಿ?"