ಇದೀನಿ ಕಣೇ

“ಏಯ್, ಆ ಹಗ್ಗ ಗೋಡೆಗೆ ತಾಗಿಸ್ಬೇಡ್ವೇ! ನಿನ್ನೆ ತಾನೇ ಬಣ್ಣ ಹೊಡೆಸಿದೀವಿ. ನಿನ್ ಗಂಡನ್ನೂ ದೂರ ನಿಲ್ಸು!”

ಚಿತ್ರ ಮಂಡಳಿಯ ಜವಾನ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕೂಗಿದ. ದೇಶದಲ್ಲಿ ಯಾವ ಸಿನಿಮಾ ಜನರ ಕಣ್ಣಿಗೆ ಬೀಳಬೇಕು, ಯಾವುದು ಬೀಳಬಾರದು ಎಂದು ತೀರ್ಮಾನಿಸುವ ಸರ್ಕಾರಿ ಕಚೇರಿ ಅದು. ಬೆಳಗಿನಿಂದ ಅಲ್ಲಿ ಅಧ್ಯಕ್ಷರ ಕಕ್ಕಸು ಕಟ್ಟಿಕೊಂಡು, ಕೆಳಗೆ ಹೋಗಬೇಕಾದದ್ದೆಲ್ಲ ಮೇಲಕ್ಕೆ ಬರುತ್ತಿತ್ತು. ಮಧ್ಯಾಹ್ನ ಮಂತ್ರಿಗಳು ಬೇರೆ ಬರುವವರಿದ್ದರು. ಅದಕ್ಕೇ ಹಗ್ಗದಕ್ಕನಿಗೂ ಅವಳ ಗಂಡನಿಗೂ ತುರ್ತಾಗಿ ಕರೆ ಹೋಗಿತ್ತು. ಅವನು ಗುಂಡಿಗೆ ಇಳಿಯುವವನು, ಇವಳು ಮೇಲೆ ನಿಂತು ಹಗ್ಗ ಹಿಡಿಯುವವಳು.

ಹಿತ್ತಲಲ್ಲಿ ಗುಂಡಿಯ ಮುಚ್ಚಳ ಸರಿಸಿ, ಒಳಗೆ ಒಮ್ಮೆ ಇಣುಕಿ ನೋಡಿ ಹಗ್ಗದಕ್ಕ ಮುಖ ಗಂಟಿಕ್ಕಿದಳು. “ಮಷಿನ್ ಗಾಡಿ ತರ್ಸಿ ಅಣ್ಣ. ಪೈಪ್ ಬಿಟ್ರೆ ಅದೇ ಎಳ್ಕೊಳ್ಳುತ್ತೆ. ಮನುಷ್ಯ ಯಾಕೆ ಇಳೀಬೇಕು?”

“ಗಾಡಿ ಬಂದ್ರೆ ಹುಲ್ಲು ಹಾಳಾಗುತ್ತೆ. ಅಧ್ಯಕ್ಷರು ತಾವೇ ನಿಂತು ಹಾಕಿಸಿದ ಹುಲ್ಲು. ಸುಮ್ನೆ ಇಳಿಸು. ಮತ್ತೆ ನೋಡು, ಬಾಯಿ ಮಾಡ್ಬೇಡ. ಒಳಗೆ ಸಿನಿಮಾ ನೋಡ್ತಿದಾರೆ.”

ಬಾಯಿ ಮಾಡಬೇಡವಂತೆ! ಹಗ್ಗದಕ್ಕನ ಮೈಯೆಲ್ಲ ಉರಿದುಹೋಯಿತು. ಅವರ ಕಸುಬು ನಡೆಯುವುದೇ ಬಾಯಿಂದ. ಗಂಡ ಕತ್ತಲಿಗೆ ಇಳಿದ ಗಳಿಗೆಯಿಂದ ಅವಳು ಬೈಯುತ್ತಲೇ ಇರಬೇಕು. “ಸತ್ಯೇನೋ ಮುಂಡೇಮಗನೇ?” ಎಂದು ಇವಳು ಮೇಲಿನಿಂದ ಕೂಗಿದರೆ, “ಇದೀನಿ ಕಣೇ!” ಎಂದು ಅವನು ಕೆಳಗಿನಿಂದ ಕೂಗಬೇಕು. ಉತ್ತರ ಬರಲಿಲ್ಲವೋ, ವಿಷಗಾಳಿ ಹತ್ತಿತು ಅಂತಲೇ ಅರ್ಥ, ಆಗ ಮೈಯ ಬಲವೆಲ್ಲ ಹಾಕಿ ಹಗ್ಗ ಎಳೆಯಬೇಕು. ಮದುವೆಯಾದ ಹೊಸದರಲ್ಲಿ ನಾಚಿಕೊಂಡು “ರೀ... ರೀ...” ಎಂದು ಕರೆದು ನೋಡಿದ್ದಳು. ಆ ಮಹಾನುಭಾವನಿಗೆ ಅದು ಕೇಳಿಸಿಯೇ ಇರಲಿಲ್ಲ. ಬೈಗುಳವಾದರೆ ಎಷ್ಟು ಆಳದಲ್ಲಿದ್ದರೂ ನೇರ ಕಿವಿಗೆ ಹೋಗಿ ಕೂರುತ್ತದೆ.

ಭಾವ ಸತ್ತದ್ದು ಹೀಗೇ. ಗಂಡನ ಅಣ್ಣ ಇನ್ಯಾವುದೋ ಕಚೇರಿಯ ಗುಂಡಿಗೆ ಇಳಿದಿದ್ದಾಗ, ಒಳಗೆ ಮೀಟಿಂಗ್ ಇದೆ, ಸದ್ದು ಮಾಡಬೇಡಿ ಅಂದರು. ಹಗ್ಗ ಹಿಡಿದಿದ್ದ ಓರಗಿತ್ತಿ ಪಾಪದವಳು, ಸದ್ದು ಮಾಡಲಿಲ್ಲ. ಕೆಳಗಿದ್ದವನೂ ಮಾಡಲಿಲ್ಲ. ಆಮೇಲೆ ವಿಚಾರಣೆಗೆ ಬಂದ ಅಧಿಕಾರಿ, ನಡೆಯುವಾಗ ಕಾಲು ಜಾರಿ ಬಿದ್ದಿದಾನೆ ಎಂದ. ಗುಂಡಿಗಿಳಿಯುವ ಕೆಲಸವೇ ದೇಶದಲ್ಲಿ ಇಲ್ಲದ ಮೇಲೆ ಅದರಲ್ಲಿ ಸಾಯೋದೆಲ್ಲಿಂದ ಬಂತು ಎಂದು ಓರಗಿತ್ತಿಯನ್ನೇ ಗದರಿದ. ಅವತ್ತಿನಿಂದ ಹಗ್ಗದಕ್ಕ ಯಾರ ಮಾತಿಗೂ ಬಾಯಿ ಮುಚ್ಚಿದವಳಲ್ಲ.

“ಬೈಯೋ ಹಾಗಿಲ್ಲ ಅಂದ್ರೆ ಸಿನಿಮಾ ಮುಗೀಲಿ, ಆಮೇಲೆ ಇಳೀತಾನೆ,” ಎಂದು ಕಚೇರಿಯ ಪುಟ್ಟ ಥಿಯೇಟರಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಜವಾನ ಗೊಣಗುತ್ತ ಒಳಗೆ ಹೋದ.

ಬಾಗಿಲು ಅಷ್ಟಿಷ್ಟು ತೆರೆದಿತ್ತು. ಒಳಗಿನಿಂದ ಹೆಂಗಸೊಬ್ಬಳ ದನಿ ಕೇಳಿಸಿತು: “ಸತ್ಯೇನೋ ಮುಂಡೇಮಗನೇ?”

“ಯಾವಳೇ ಅವಳು, ನನ್ನ ಬೈಗುಳ ಕದ್ದಿರೋಳು!” ಎಂದು ಹಗ್ಗದಕ್ಕ ದಡಕ್ಕನೆ ಎದ್ದಳು. ಗಂಡ ಅವಳಿಗಿಂತ ಮೊದಲೇ ಸಂದಿಗೆ ಕಣ್ಣಿಟ್ಟಿದ್ದ.

“ಲೇ, ಅದು ನೀನೇ ಕಣೇ! ನಮ್ಮ ಸಿನಿಮಾ!”

ಹೋದ ವರ್ಷ ಗಂಡುಹುಡುಗರ ಹಾಗೆ ಕೂದಲು ಕತ್ತರಿಸಿಕೊಂಡ ಒಬ್ಬ ಹುಡುಗಿ ಅವರ ಓಣಿಗೆ ಬಂದು, ಗಂಡಹೆಂಡತಿಯನ್ನೇ ಹಾಕಿಕೊಂಡು ಚಿತ್ರ ತೆಗೆದಿದ್ದಳು. ಪುಣ್ಯಾತ್ಗಿತ್ತಿ, ನಿಜವಾದ ಗುಂಡಿಗೆ ಇಳಿಸೋದಿಲ್ಲ ಎಂದು ಹಟ ಹಿಡಿದು, ಹೊಸದಾಗಿ ತೋಡಿಸಿ, ಅದರ ತುಂಬ ಚಾಕಲೇಟು ಕರಗಿಸಿ ಸುರಿಸಿದ್ದಳು. ಅವತ್ತು ಚಾಕಲೇಟು ನೆಕ್ಕುತ್ತ ಕೂತ ಗಂಡನನ್ನು ಮೇಲೆ ಹತ್ತಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಆಮೇಲಿಂದ ಓಣಿಗೆಲ್ಲ ಅವನು ‘ಹೀರೋ’. ಅತ್ತೆಯಂತೂ ಸಿನಿಮಾ ಬರೋವರೆಗೆ ತಾನು ಸಾಯೋದಿಲ್ಲ ಎಂದು ಹೇಳಿಬಿಟ್ಟಿದ್ದಳು. “ಒಬ್ಬ ಮಗ ಗುಂಡೀಲಿ ಹೋದ ಅಂದ್ರೆ ಯಾರೂ ನಂಬ್ಲಿಲ್ಲ. ಇನ್ನೊಬ್ಬ ಇಳಿಯೋದನ್ನಾದ್ರೂ ಜನ ಕಣ್ಣುಬಿಟ್ಟು ನೋಡ್ಲಿ,” ಎನ್ನುತ್ತಿದ್ದಳು.

“ನಾನು ಇಷ್ಟು ಕಪ್ಪಗಿದೀನೇನೇ?” ಹೀರೋ ಪೆಚ್ಚಾದ.

“ಚಾಕಲೇಟು ಕಣೋ ಅದು. ಸುಮ್ನೆ ನೋಡು.”

ಒಳಗೆ ಲೈಟು ಹತ್ತಿತು. ಸದಸ್ಯೆಯೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. “ಅಬ್ಬಾ, ಏನ್ ಗಲೀಜು! ನಂಗಂತೂ ಇಲ್ಲೀವರೆಗೂ ವಾಸನೆ ಬಂತು.”

“ಅದು ನಮ್ಮ ಕಕ್ಕಸಿಂದು ಮೇಡಂ,” ಎಂದ ಜವಾನ.

ಅಧ್ಯಕ್ಷರು ಅವನನ್ನು ದುರುಗುಟ್ಟಿ ನೋಡಿ ಗಂಟಲು ಸರಿಮಾಡಿಕೊಂಡರು. “ಮೊದಲು ಆ ಬೈಗುಳ ತೆಗೀರಿ. ಸಂಸಾರಸ್ಥರು ನೋಡೋದು. ಆಮೇಲೆ ಗುಂಡಿ ದೃಶ್ಯ ಪೂರ್ತಿ ಕತ್ತರಿಸಿ. ಈ ಕೆಲಸ ನಮ್ಮ ದೇಶದಲ್ಲಿ ಇಲ್ಲ. ಇಲ್ಲದ್ದನ್ನ ತೋರಿಸಿ ಜನರ ದಾರಿ ತಪ್ಪಿಸಬಾರದು.”

“ನಾನು ಕಣ್ಣಾರೆ ನೋಡಿದೀನಿ ಸಾರ್,” ಎಂದಳು ಡೈರೆಕ್ಟರ್ ಹುಡುಗಿ.

“ಇಲ್ಲ ಅಂದ್ರೆ ಇಲ್ಲಮ್ಮ. ಸರ್ಕಾರವೇ ಇಲ್ಲ ಅಂದ ಮೇಲೆ ನೀವು ಹೆಂಗ್ರೀ ನೋಡ್ತೀರಿ?”

ಹೀರೋನ ಮುಖ ಇಷ್ಟೇ ಇಷ್ಟಾಯಿತು. “ಅವ್ವಂಗೆ ಏನಂತ ಹೇಳ್ಲೇ?” ಎಂದ. ಹಗ್ಗದಕ್ಕನಿಗೆ ಅವನನ್ನು ನೋಡಿ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ನುಗ್ಗಿ ಬಂತು.

ಅಷ್ಟರಲ್ಲಿ ಅಧ್ಯಕ್ಷರೇ ಹಿತ್ತಲಿಗೆ ಧಾವಿಸಿ ಬಂದರು. ಹಿಂದೆ ಸದಸ್ಯೆ, ಜವಾನ, ಆ ಹುಡುಗಿ. “ಇನ್ನೂ ಇಳಿದಿಲ್ವಾ? ಮಂತ್ರಿಗಳು ಮನೆ ಬಿಟ್ಟಾಯ್ತು!”

ಹಗ್ಗದಕ್ಕ ಹಗ್ಗದ ಸುರುಳಿಯನ್ನು ಎದೆಗವಚಿಕೊಂಡು, ಏನೂ ಅರಿಯದವಳ ಹಾಗೆ ಮುಖ ಮಾಡಿದಳು. “ಎಲ್ಲಿಗೆ ಇಳೀಬೇಕು ಸಾಹೇಬ್ರೇ?”

“ಎಲ್ಲಿಗೆ ಅಂದ್ರೆ? ಗುಂಡಿಗೆ!”

“ಆ ಕೆಲಸ ನಮ್ಮ ದೇಶದಲ್ಲಿ ಇದೆಯಾ ಸಾಹೇಬ್ರೇ?”

ಅಧ್ಯಕ್ಷರು ಹುಡುಗಿಯ ಕಡೆ ನೋಡಿದರು, ಗುಂಡಿಯ ಕಡೆ ನೋಡಿದರು. ಇದೆ ಅಂದರೆ ಸಿನಿಮಾ ಉಳಿಯುತ್ತದೆ, ಇಲ್ಲ ಅಂದರೆ ಕಕ್ಕಸು ಉಕ್ಕುತ್ತದೆ. ಹಣೆಯ ಬೆವರು ಒರೆಸಿಕೊಂಡರು.

“ಇಲ್ಲ... ಅಂದ್ರೆ... ಇವತ್ತೊಂದಿನ ಇದೆ ಅನ್ಕೊಮ್ಮ. ಬೇಗ ಇಳಿಸು. ಬಾಯಿ ಮಾತ್ರ ಮಾಡ್ಬೇಡ.”

“ನಮ್ಮ ಭಾವ ಗುಂಡೀಲಿ ಸತ್ತ ದಿನ ಇತ್ತಾ?”

ಜವಾನ ಮೂಗಿನ ಮೇಲಿನ ಕರವಸ್ತ್ರ ತೆಗೆದ.

“ಅದು... ಆ ಇಲಾಖೆ ಬೇರೆ,” ಎಂದರು ಅಧ್ಯಕ್ಷರು.

ಹಗ್ಗದಕ್ಕ ಸುರುಳಿ ಎತ್ತಿ ಗುಂಡಿಗೆ ಎಸೆದೇಬಿಟ್ಟಳು. ಅದು ಗುಳಕ್ಕನೆ ಮುಳುಗಿತು.

“ಲೇ, ಹೊಸ ಹಗ್ಗ ಕಣೇ!” ಹೀರೋ ತಲೆ ಮೇಲೆ ಕೈ ಹೊತ್ತ.

“ಹೋಗ್ಲಿ ಬಿಡು. ಹಗ್ಗಾನೂ ಇಲ್ಲ, ಇಳಿಯೋನೂ ಇಲ್ಲ. ನಡಿ ಮನೆಗೆ.”

ಅವರು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಕಟ್ಟಡದೊಳಗೆಲ್ಲೋ ಗೊಳಗೊಳ ಎಂದು ಸದ್ದಾಯಿತು. ಕಪ್ಪು ನೀರು ಹಿಂಬಾಗಿಲ ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಅಧ್ಯಕ್ಷರ ಬೂಟು ಸವರಿಕೊಂಡು ಹುಲ್ಲಿನ ಕಡೆ ಹೊರಟಿತು. ಮುಂದಿನ ಗೇಟಿನಲ್ಲಿ ಕಾರಿನ ಹಾರನ್ ಕೇಳಿಸಿತು.

“ಅಯ್ಯೋ, ನೀರು! ನೀರು ಬಂತು! ಏನಾದ್ರೂ ಮಾಡೇ!” ಅಧ್ಯಕ್ಷರು ಒಂಟಿಕಾಲಲ್ಲಿ ಕುಣಿದಾಡಿದರು.

ಹಗ್ಗದಕ್ಕ ತಿರುಗಿ ನಿಂತಳು. ಓಣಿಯಲ್ಲಿ ಕೂತ ಅತ್ತೆಗೆ, ಎಲ್ಲೋ ಇರುವ ಭಾವನಿಗೆ ಕೂಡ ಕೇಳಿಸಲಿ ಎನ್ನುವಂತೆ ಗಂಟಲು ತೆರೆದಳು.

“ಅಂಥ ನೀರು ನಮ್ಮ ದೇಶದಲ್ಲಿ ಇಲ್ಲ ಕಣೋ! ಕತ್ತರ್ಸೋ ಮುಂಡೇಮಗನೇ!”

ಬೈದದ್ದು ಅಧ್ಯಕ್ಷರನ್ನು. ಆದರೆ ಬೈಗುಳ ಕಿವಿಗೆ ಬಿದ್ದದ್ದೇ ತಡ, ಪಕ್ಕದಲ್ಲಿ ನಿಂತಿದ್ದ ಗಂಡ ಅಭ್ಯಾಸಬಲದಿಂದ ಎದೆತುಂಬ ಗಾಳಿ ಎಳೆದುಕೊಂಡು ಕೂಗಿದ:

“ಇದೀನಿ ಕಣೇ!”