ದಾರಿಯಲ್ಲಿ ಸಿಕ್ಕಿದ ಉರುಟು ಸಾಮಾನು

ಸುಪ್ರಿತಾ ಟೀಚರ್ ಇಂಗ್ಲಿಷ್ ಕಲಿಸುವ ಕ್ರಮವನ್ನು ಇಚಿಲಂಪಾಡಿಯ ಆ ಮೂಲೆಯಲ್ಲಿ ಮೆಚ್ಚದವರೇ ಇರಲಿಲ್ಲ. ಮೆಚ್ಚಿದವರಲ್ಲಿ ಮೊದಲನೆಯವಳು ಸುಪ್ರಿತಾಳೇ. ಅತಿಥಿ ಶಿಕ್ಷಕಿ ಎಂದು ಹೆಸರು ಕೊಟ್ಟು, ಅತಿಥಿಗೆ ಸಿಗುವ ಉಪಚಾರ ಒಂದನ್ನೂ ಕೊಡದ ಕೆಲಸ ಅದು. ಅಂಥ ಕೆಲಸದಲ್ಲಿ ತನ್ನ ಬೆನ್ನನ್ನು ತಾನೇ ಸ್ವಲ್ಪ ತಟ್ಟಿಕೊಂಡರೆ ಯಾರ ಗಂಟೇನೂ ಹೋಗುವುದಿಲ್ಲ.

ನೆಟ್ಟಣದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಅವಳಿಗೆ ಗುಡ್ಡದ ಬುಡದ ಆ ಸಣ್ಣ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ತನಕದ ಮಕ್ಕಳು ಒಂದೇ ಕೋಣೆಯಲ್ಲಿ ಸಿಕ್ಕಿದ್ದರು. ಮೊದಲ ದಿನ ಪುಸ್ತಕ ತೆರೆದು ಹಿಮದ ಮನೆಯ ಚಿತ್ರ ತೋರಿಸಿ ಇದೇನೆಂದು ಕೇಳಿದಳು. ಮಕ್ಕಳೆಲ್ಲ ಒಂದೇ ದನಿಯಲ್ಲಿ ಇಡ್ಲಿ ಎಂದರು. ಆವತ್ತೇ ಅವಳು ಪುಸ್ತಕ ಮುಚ್ಚಿ ಕಪಾಟಿನ ಮೇಲಿಟ್ಟಳು.

ಅವಳು ತಂದ ಕ್ರಮ ಹೀಗಿತ್ತು. ದಿನಕ್ಕೊಬ್ಬರು ಒಂದು ಸಾಮಾನು ತರಬೇಕು. ಎಲ್ಲರೂ ನೆಲದ ಮೇಲೆ ವೃತ್ತವಾಗಿ ಕೂರಬೇಕು. ಸಾಮಾನು ಕೈಯಿಂದ ಕೈಗೆ ಹೋಗಬೇಕು, ಹೋಗುವಾಗ ಬಣ್ಣಕ್ಕೊಂದು, ಆಕಾರಕ್ಕೊಂದು, ಗಟ್ಟಿಯೋ ಮೆತ್ತಗೋ ಎಂಬುದಕ್ಕೊಂದು, ವಾಸನೆಗೊಂದು ಇಂಗ್ಲಿಷ್ ಪದ ಬರಬೇಕು. ಮತ್ತೆ ಅದನ್ನು ನೆಲದಲ್ಲಿ ಉರುಳಿಸಿ ರೋಲ್ ಎನ್ನಬೇಕು. ಕೊನೆಯವರು ಬೆಂಚಿನ ಮೇಲೆ ಹತ್ತಿ ಕೈ ಮೇಲೆತ್ತಿದಾಗ ಉಳಿದವರೆಲ್ಲ ಡ್ರಾಪ್ ಎಂದು ಕೂಗಬೇಕು. ಕೂಗಿದ ಕ್ಷಣಕ್ಕೆ ಕೈ ಬಿಡಬೇಕು. ಪುಟಿಯುತ್ತದೋ, ಒಡೆಯುತ್ತದೋ, ಸುಮ್ಮನೆ ಬಿದ್ದಿರುತ್ತದೋ ನೋಡಬೇಕು. ಆ ಕೊನೆಯ ಪದಕ್ಕೋಸ್ಕರವೇ ಮಕ್ಕಳು ಜ್ವರವಿದ್ದರೂ ಶಾಲೆಗೆ ಬರುತ್ತಿದ್ದರು.

ಮಳೆಗಾಲದಲ್ಲಿ ಕಿಟಕಿಗೆ ಬಸವನಹುಳು ಹತ್ತಿದಾಗ ಅವಳು ಇನ್ನೊಂದು ಆಟ ಸೇರಿಸಿದಳು. ಟೀಚರ್ ಸ್ಲೋಲಿ ಎಂದರೆ ಎಲ್ಲರೂ ಬಸವನಹುಳುಗಳಾಗಬೇಕು. ಮೆಲ್ಲಗೆ ಅಲ್ಲಾಡಬೇಕು, ಪಿಸುಮಾತು ಮಾತ್ರ ಆಡಬೇಕು. ಗಲಾಟೆ ಅಡಗಿಸುವುದಕ್ಕೆ ಇದು ಬೆತ್ತಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಎರಡು ನಿಯಮಗಳಿದ್ದವು. ಎರಡೂ ಅವಳ ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದವು. ಈಗ ನೆನೆದರೆ ಆ ಒಳ್ಳೆಯ ಮನಸ್ಸಿನ ಮೇಲೆಯೇ ಸಿಟ್ಟು ಬರುತ್ತದೆ.

ಮೊದಲನೆಯದು: ಸಾಮಾನು ಅಂಗಡಿಯದ್ದಾಗಬಾರದು, ಮನೆಯದ್ದೂ ಆಗಬಾರದು, ಶಾಲೆಗೆ ಬರುವ ದಾರಿಯಲ್ಲಿ ಹೆಕ್ಕಿದ್ದಾಗಬೇಕು. ಮೊದಲ ವಾರ ಸಫ್ವಾನ್ ತನ್ನ ಅಪ್ಪ ದುಬೈಯಿಂದ ತಂದ, ಒತ್ತಿದರೆ ಮಾತಾಡುವ ಕಾರು ತಂದಿದ್ದ. ಮರುದಿನ ನವ್ಯಾ ಎಂಬ ಹುಡುಗಿ ಏನೂ ತರದವಳಂತೆ ಬಂದು, ತನ್ನ ಸರದಿ ಬಂದಾಗ ಅಂಗೈ ಬಿಚ್ಚಲೇ ಇಲ್ಲ. ಬಲವಂತವಾಗಿ ಬಿಡಿಸಿದರೆ ಒಳಗೊಂದು ಜಲ್ಲಿಕಲ್ಲು. ಆ ಬೆವರಿದ ಅಂಗೈ ಕಂಡು ಸುಪ್ರಿತಾಳ ಕರುಳು ಚುರುಕ್ಕೆಂದಿತು. ದಾರಿ ಎಲ್ಲರಿಗೂ ಒಂದೇ, ದಾರಿಯಲ್ಲಿ ಸಿಗುವುದಕ್ಕೆ ಬಡವ ಬಲ್ಲಿದ ಎಂಬುದಿಲ್ಲ ಎಂದು ಅಂದೇ ನಿಯಮ ಮಾಡಿದಳು.

ಮುಖ್ಯ ಶಿಕ್ಷಕಿ ದಮಯಂತಿ ಟೀಚರಿಗೆ ಇದು ಅಷ್ಟು ಹಿಡಿಸಲಿಲ್ಲ. ಗುಡ್ಡೆ ದಾರಿ, ಮಕ್ಕಳು ಕಂಡದ್ದಕ್ಕೆಲ್ಲ ಕೈ ಹಾಕುವುದು ಬೇಡ ಎಂದು ಅವರು ಒಂದೆರಡು ಸಲ ಹೇಳಿದರು. ತಮ್ಮ ಮೊಬೈಲಿನಲ್ಲಿದ್ದ ಒಂದು ಫೋಟೋವನ್ನೂ ತೋರಿಸಿದರು. ಹಿಂದಿನ ವರ್ಷ ತ್ಯಾಂಪಣ್ಣ ಎಂಬವರ ಗಬ್ಬದ ದನ ಮೇಯಲು ಹೋದದ್ದು ಗುಡ್ಡೆಯಿಂದ ಇಳಿದು ಬಂದಾಗ ಅದಕ್ಕೆ ಕೆಳದವಡೆ ಇರಲಿಲ್ಲ. ಕಾಡುಹಂದಿ ಕಚ್ಚಿ ಸಾಯಲೆಂದು ಯಾರೋ ಇಟ್ಟ ತೋಟೆಯನ್ನು ದನ ಕಚ್ಚಿತ್ತು. ಸಿಡಿಮದ್ದು ತುಂಬಿ, ನೂಲು ಸುತ್ತಿ, ಮೇಲಿಂದ ಕೋಳಿಯ ಕೊಬ್ಬು ಸವರಿದ ಉಂಡೆ ಅದು. ಬಲವಾಗಿ ಅಮುಕಿದರೆ ಸಾಕು, ಮೇಲಿನಿಂದ ಬಿದ್ದರೂ ಸಾಕು, ಸಿಡಿಯುತ್ತದೆ. ಇಟ್ಟವರು ಯಾರೆಂದು ಊರಿಗೆಲ್ಲ ಗೊತ್ತು. ಪೊಲೀಸರು ಬಂದು ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಸುಪ್ರಿತಾ ಫೋಟೋ ನೋಡಿ ಮುಖ ತಿರುಗಿಸಿದಳು. ಮಕ್ಕಳು ಬೀಜ, ಕಾಯಿ, ಹಕ್ಕಿಯ ಗರಿ ಬಿಟ್ಟು ಬೇರೆ ಏನನ್ನು ಹೆಕ್ಕಿಯಾರು ಎಂದು ಮಾತು ಹಾರಿಸಿದಳು.

ಎರಡನೆಯ ನಿಯಮ ಅವಳ ಮುದ್ದಿನದು. ಶಾಲೆಯಲ್ಲಿ ಕಲಿತದ್ದನ್ನು ಆವತ್ತೇ ಮನೆಯಲ್ಲಿ ಒಬ್ಬರಿಗೆ ಕಲಿಸಬೇಕು. ಯಾರಿಗೆ ಕಲಿಸಿದೆ ಎಂದು ಮರುದಿನ ಬಂದು ಹೇಳಬೇಕು. ಇದರಿಂದಾಗಿ ಅಡಿಕೆ ಸುಲಿಯುವ ಅಜ್ಜಂದಿರು ಹಾರ್ಡ್ ಎನ್ನತೊಡಗಿದರು, ಒಲೆಯೆದುರಿನ ಅಮ್ಮಂದಿರು ಹಾಟ್ ಎನ್ನತೊಡಗಿದರು.

ಎಲ್ಲರಿಗಿಂತ ಹೆಚ್ಚು ಕಲಿಸುತ್ತಿದ್ದವಳು ಮೂರನೇ ಕ್ಲಾಸಿನ ಆಯಿಶತ್ ಶಿಫಾ. ಅವಳ ತಂದೆ ಗಲ್ಫಿನಲ್ಲಿ, ಮನೆಯಲ್ಲಿ ತಾಯಿ, ಮಕ್ಕಳು ಉಮ್ಮಮ್ಮ ಎನ್ನುವ ಅಜ್ಜಿ ನೆಬೀಸ, ಇನ್ನೂ ಶಾಲೆಗೆ ಸೇರದ ತಮ್ಮ ಫಾರಿಸ್. ಒಮ್ಮೆ ಸುಪ್ರಿತಾ ಆ ಮನೆಗೆ ಹೋದಾಗ ನೆಬೀಸ ತಾವೇ ಚಾ ತಂದರು. ವಯಸ್ಸಿನ ನಡುಕಕ್ಕೆ ಅರ್ಧ ಚಾ ತಟ್ಟೆಗೆ ಚೆಲ್ಲಿತ್ತು. ಸುಪ್ರಿತಾ ಏನೂ ಕಾಣದವಳಂತೆ ಇದ್ದಳು. ನೆಬೀಸ ಮಾತ್ರ ಎರಡೂ ಕೈಗಳನ್ನು ಅವಳ ಮುಖದೆದುರು ಹಿಡಿದು, ಮೊಮ್ಮಗಳು ಕಲಿಸಿದ ಪದವನ್ನು ಹೆಮ್ಮೆಯಿಂದ ಒಪ್ಪಿಸಿದರು.

"ಶೇಕ್," ಎಂದರು. "ಸರಿ ಉಂಟಲ್ಲ ಟೀಚರೇ?"

ಆವತ್ತು ಮನೆಗೆ ಹೋಗುವಾಗ ಸುಪ್ರಿತಾಳ ಸ್ಕೂಟರ್ ನೆಲದ ಮೇಲೆ ಓಡಲಿಲ್ಲವೆಂದೇ ಹೇಳಬೇಕು.

ಆ ವಾರದ ಪದ ರೌಂಡ್, ತರಬೇಕಾದದ್ದು ಉರುಟು ಸಾಮಾನು. ಬುಧವಾರ ಶಿಫಾಳ ಸರದಿ. ಬೆಳಿಗ್ಗೆ ಅವಳು ಗುಡ್ಡೆಯ ಅಡ್ಡದಾರಿಯಿಂದ ಇಳಿದು ಬರುವಾಗ ಹಿಂದೆಯೇ ಒಂದು ನಾಯಿ ಬಂತು. ಬಿಸಿಯೂಟದ ಹೊತ್ತಿಗೆ ಶಾಲೆಗೆ ಬರುವ ಬೀದಿನಾಯಿ, ಇಷ್ಟು ಬೇಗ ಎಂದೂ ಬಂದದ್ದಲ್ಲ. ಶಿಫಾ ಒಳಗೆ ಹೋದ ಮೇಲೂ ಅದು ಬಾಗಿಲಲ್ಲಿ ಕೂತು ಜೊಲ್ಲು ಸುರಿಸುತ್ತಾ ಅವಳ ಚೀಲವನ್ನೇ ನೋಡುತ್ತಿತ್ತು. ಎರಡು ಸಲ ಓಡಿಸಿದರೂ ವಾಪಸು ಬಂತು. ಕಿಟಕಿಯ ಸರಳಿಗೆ ಒಂದು ಕಾಗೆ ಬಂದು ಕೂತಿತು. ಸುಪ್ರಿತಾ ಇದನ್ನೆಲ್ಲ ಕಂಡಳು, ಕಂಡು ನಕ್ಕಳು. ಇವತ್ತು ನಾಯಿಗೂ ಇಂಗ್ಲಿಷ್ ಕ್ಲಾಸು ಬೇಕಂತೆ ಎಂದಳು. ಮಕ್ಕಳೂ ನಕ್ಕರು.

ವೃತ್ತ ಕೂತಿತು. ಸುಪ್ರಿತಾ ಬೆನ್ನು ಹಾಕಿ ಬೋರ್ಡಿನಲ್ಲಿ ಚಿತ್ರ ಬಿಡಿಸುತ್ತಿದ್ದಳು. ಹಿಂದಿನಿಂದ ಒಂದೊಂದೇ ಪದ ಸರಿಯಾಗಿ ಬರುತ್ತಿತ್ತು. ಬ್ರೌನ್ ಎಂದಳು ನವ್ಯಾ. ರೌಂಡ್ ಎಂದಿತು ಇನ್ನೊಂದು ದನಿ. ಚಿನ್ಮಯ ಅದನ್ನು ಬೆರಳಿನಿಂದ ಅಮುಕಿ ನೋಡಿ ಹಾರ್ಡ್ ಎಂದ. ಮತ್ತೆ ಯಾರೋ ಮೂಸಿ ಸ್ಮೆಲ್ ಎಂದಾಗ ಎಲ್ಲರೂ ಛೀ ಎಂದು ನಕ್ಕರು.

"ಟೀಚರ್, ಕೋಳಿ ಅಂಗಡಿಯ ವಾಸನೆ ಉಂಟು ಇದಕ್ಕೆ," ಎಂದ ಸಫ್ವಾನ್.

ಸುಪ್ರಿತಾಳ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೇ ನಿಂತಿತು. ಅವಳು ತಿರುಗಿದಳು.

ವೃತ್ತದ ನಡುವೆ ಕಂದು ಬಣ್ಣದ ಒಂದು ಉಂಡೆ ಸಿಮೆಂಟಿನ ನೆಲದ ಮೇಲೆ ಉರುಳುತ್ತಿತ್ತು. ದೊಡ್ಡ ನಿಂಬೆಹಣ್ಣಿನಷ್ಟು ಇತ್ತು. ಮೇಲಿನ ಕೊಬ್ಬು ಮಕ್ಕಳ ಕೈಗೆ ಹತ್ತಿ ಒಂದು ಬದಿಯಲ್ಲಿ ಸುತ್ತಿದ ನೂಲು ಕಾಣುತ್ತಿತ್ತು. ಬಾಗಿಲಲ್ಲಿ ನಾಯಿ ಎದ್ದು ನಿಂತಿತು. ರೋಲ್ ಎಂದು ಮಕ್ಕಳು ಕೂಗಿದರು. ಉಂಡೆ ಸಫ್ವಾನನ ಕಾಲಿಗೆ ತಾಗಿ ನಿಂತಿತು. ಅವನು ಅದನ್ನು ಹೆಕ್ಕಿಕೊಂಡು ಒಂದೇ ನೆಗೆತಕ್ಕೆ ಬೆಂಚು ಹತ್ತಿದ.

ಸುಪ್ರಿತಾಳ ಕಣ್ಣೆದುರು ಆ ದನದ ಮುಖ ಬಂತು. ಸಫ್ವಾನ್ ಕೈ ಮೇಲೆತ್ತಿದ. ಮಕ್ಕಳೆಲ್ಲ ಕೂಗುವುದಕ್ಕೆ ಉಸಿರು ಎಳೆದುಕೊಂಡರು. ಅವರು ಕೂಗಿದರೆ ಅವನು ಬಿಡುತ್ತಾನೆ. ಹಾಗೆ ಅವನಿಗೆ ಕಲಿಸಿದವಳು ಅವಳೇ. ತಾನು ಕಿರುಚಿದರೂ ಬಿಡುತ್ತಾನೆ. ಹೊಟ್ಟೆಯೊಳಗಿಂದ ಎದ್ದು ಬಂದ ಕೂಗನ್ನು ಅವಳು ಅಲ್ಲೇ ನುಂಗಿಕೊಂಡಳು.

"ಸ್ಲೋಲಿ," ಎಂದಳು, ಪಿಸುಮಾತಿನಲ್ಲಿ.

ಮಕ್ಕಳ ಬಾಯಿ ತೆರೆದದ್ದು ಹಾಗೇ ನಿಂತಿತು. ಮತ್ತೆ ಎಲ್ಲರೂ ಪಿಸುಗುಟ್ಟುತ್ತಾ ಬಸವನಹುಳುಗಳಾದರು. ಬೆಂಚಿನ ಮೇಲಿದ್ದ ಸಫ್ವಾನ್ ಆಟದಲ್ಲಿ ಗೆಲ್ಲಬೇಕೆಂದು ತನ್ನ ಕೈಯನ್ನು ಬೇಕೆಂದೇ ನಿಧಾನವಾಗಿ ಕೆಳಗಿಳಿಸತೊಡಗಿದ. ಸುಪ್ರಿತಾ ನಗುತ್ತಾ ನಡೆದಳು. ಆ ನಗುವನ್ನು ಮುಖದ ಮೇಲೆ ಹಿಡಿದಿಡುವುದಕ್ಕೆ ಅವಳಿಗೆ ಇದ್ದಬದ್ದ ಜೀವವೆಲ್ಲ ಬೇಕಾಯಿತು. ಗಿವ್ ಮಿ ಎಂದಳು. ಅವನು ಕೊಟ್ಟ. ಉಂಡೆ ಬೆಚ್ಚಗಿತ್ತು, ಅಷ್ಟು ಮಕ್ಕಳ ಕೈಯ ಬಿಸಿ ಅದರಲ್ಲಿತ್ತು.

ಪಕ್ಕದ ಕೋಣೆಯಿಂದ ಬಂದ ದಮಯಂತಿ ಟೀಚರ್ ಅವಳ ಕೈಯಲ್ಲಿದ್ದದ್ದನ್ನು ಕಂಡದ್ದೇ, ನಾಯಿಯನ್ನು ಹಿಡಿದುಕೊಳ್ಳಲು ಅಡುಗೆಯವರಿಗೆ ಹೇಳಿ, ಮಕ್ಕಳನ್ನು ಹಿಂದಿನ ಬಾಗಿಲಿನಿಂದ ಆಟದ ಬಯಲಿಗೆ ಕರೆದುಕೊಂಡು ಹೋದರು. ಸುಪ್ರಿತಾ ಅಂಗಳ ದಾಟಿ, ಶೌಚಾಲಯ ಕಟ್ಟಲು ತಂದು ಹಾಕಿದ್ದ ಹೊಯ್ಗೆ ಮರಳಿನ ರಾಶಿಯ ಮೇಲೆ ಉಂಡೆಯನ್ನು ಇಟ್ಟು, ಮೇಲಿಂದ ಕಬ್ಬಿಣದ ಬುಟ್ಟಿಯೊಂದನ್ನು ಮೆಲ್ಲಗೆ ಕವುಚಿದಳು. ಮತ್ತೆ ಬಯಲಿಗೆ ಬಂದಳು. ಮಕ್ಕಳ ನಡುವೆಯೇ ಕುಕ್ಕರಿಸಿದಳು. ಎಲ್ಲರೂ ಇದ್ದಾರೆ, ಎಲ್ಲರ ಕೈಗಳೂ ಇವೆ ಎಂದು ಒಂದೊಂದೇ ಮುಖ ನೋಡುತ್ತಾ ಬಂದಳು. ದಮಯಂತಿ ಟೀಚರ್ ಪೊಲೀಸರಿಗೆ ಫೋನು ಮಾಡುತ್ತಿದ್ದರು.

ಶಿಫಾ ಒಬ್ಬಳು ಅಳುತ್ತಿದ್ದಳು. ಹೆದರಿಕೆಯಿಂದಲ್ಲ. ತನ್ನ ಸಾಮಾನಿಗೆ ಮಾತ್ರ ಡ್ರಾಪ್ ಮಾಡಲಿಲ್ಲ ಎಂಬ ದುಃಖ. ಸುಪ್ರಿತಾ ಅವಳನ್ನು ಹತ್ತಿರ ಎಳೆದುಕೊಂಡು, ಅದು ಒಳ್ಳೆಯ ಸಾಮಾನಲ್ಲ, ಇನ್ನು ಅಂಥದ್ದನ್ನು ಮುಟ್ಟಬಾರದು ಎಂದು ಸಮಾಧಾನ ಮಾಡಿದಳು.

"ನಿನ್ನೆ ಸಂಜೆ ಸಿಕ್ಕಿದ್ದು ಟೀಚರ್," ಎಂದಳು ಶಿಫಾ, ಮೂಗು ಒರೆಸಿಕೊಳ್ಳುತ್ತಾ. "ಎರಡು ಇತ್ತು. ಚಂದದ್ದನ್ನು ಇಲ್ಲಿಗೆ ತಂದೆ. ಇನ್ನೊಂದು ಫಾರಿಸ್‌ಗೆ ಕೊಟ್ಟೆ."

ಸುಪ್ರಿತಾ ಮೊಬೈಲು ತೆಗೆದು ಶಿಫಾಳ ತಾಯಿಯ ನಂಬರು ಹುಡುಕತೊಡಗಿದಳು. ಶಿಫಾ ಹೇಳುತ್ತಲೇ ಇದ್ದಳು. ರಾತ್ರಿ ಕೂತು ತಮ್ಮನಿಗೆ ಎಲ್ಲ ಪದ ಕಲಿಸಿದ್ದಾಳೆ. ಇವತ್ತು ಅವನು ಅಜ್ಜಿಗೆ ಕಲಿಸಬೇಕೆಂದು ಹೇಳಿ ಬಂದಿದ್ದಾಳೆ. ಟೀಚರ್ ಹೇಳಿದ ಹಾಗೆಯೇ.

ಶಿಫಾಳ ತಾಯಿಗೆ ಫೋನು ಮಾಡಿದರೆ ಅವಳು ಪುತ್ತೂರಿಗೆ ಹೋಗುವ ಬಸ್ಸಿನಲ್ಲಿದ್ದಳು. ಮನೆಯಲ್ಲಿ ಅಜ್ಜಿಯ ಹತ್ತಿರ ಒಂದು ಸಣ್ಣ ಫೋನು ಉಂಟೆಂದಳು. ಆ ನಂಬರಿಗೆ ಕರೆ ಹೋಯಿತು. ರಿಂಗಾಗುತ್ತಾ ರಿಂಗಾಗುತ್ತಾ ಇನ್ನೇನು ನಿಲ್ಲಬೇಕು ಎನ್ನುವಾಗ ನೆಬೀಸ ಎತ್ತಿದರು.

"ಟೀಚರಾ? ನೀವು ಫೋನ್ ಮಾಡಿದ್ದು ಲಾಯ್ಕಾಯ್ತು. ಸಣ್ಣವ ನನಗೆ ಇಂಗ್ಲಿಷ್ ಕಲಿಸ್ತಾ ಇದ್ದಾನೆ. ಸ್ವಲ್ಪ ಕೇಳಿ ನೀವು."

ಫೋನು ದೂರ ಹೋಯಿತು. ಆ ಕಡೆಯಿಂದ ತೊದಲುತ್ತಿದ್ದರೂ ಕ್ರಮ ತಪ್ಪದ ದನಿಯೊಂದು ಬಂತು. ಬೌನ್. ಲೌಂಡ್. ಹಾಡ್. ಇಷ್ಟಾದ ಮೇಲೆ ಮೂಗಿನಿಂದ ಜೋರಾಗಿ ಉಸಿರೆಳೆದುಕೊಂಡ ಸದ್ದು ಕೇಳಿಸಿತು.

ಮೂಸಿದ ಮೇಲೆ ಉರುಳಿಸುವುದು, ಉರುಳಿಸಿದ ಮೇಲೆ ಬಿಡುವುದು. ಸುಪ್ರಿತಾ ನೆಬೀಸಮ್ಮಾ, ನೆಬೀಸಮ್ಮಾ ಎಂದು ಕರೆದಳು. ಅವನ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಳ್ಳಿ ಎಂದಳು. ಕೇಳಿದರೆ ಕೊಡುವವನಲ್ಲ, ಎಳೆದರೆ ಬಿಸಾಡುತ್ತಾನೆ ಎಂದು ನೆಬೀಸ ನಕ್ಕರು. ಅವರಿಗೆ ಏನು ಗೊತ್ತು? ಗೊತ್ತು ಮಾಡಿಸಿದರೆ ಮೊದಲೇ ನಡುಗುವ ಆ ಕೈಗಳ ಗತಿ ಏನಾದೀತು? ಸುಪ್ರಿತಾ ಶಿಫಾಳ ಬಾಯಿಗೆ ಫೋನು ಹಿಡಿದಳು, ತಮ್ಮನಿಗೆ ಹೇಳು, ಬಸವನಹುಳುವಿನ ಆಟ ಎಂದು ಕಿವಿಯಲ್ಲಿ ಉಸುರಿದಳು.

"ಫಾರಿಸ್," ಎಂದಳು ಶಿಫಾ, ಥೇಟ್ ಸುಪ್ರಿತಾ ಟೀಚರಿನ ದನಿಯಲ್ಲಿ. "ಸ್ಲೋಲಿ. ಗಿವ್ ಉಮ್ಮಮ್ಮ."

ಆ ಕಡೆ ಸದ್ದಿಲ್ಲ. ದಮಯಂತಿ ಟೀಚರ್ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಆಮೇಲೆ ನೆಬೀಸ ಮಾತಾಡಿದರು.

"ಕೊಟ್ಟ ಟೀಚರೇ. ನನ್ನ ಕೈಯಲ್ಲಿ ಉಂಟು." ಅವರ ದನಿಯಲ್ಲಿ ಒಳ್ಳೆಯ ವಿದ್ಯಾರ್ಥಿಯ ಉತ್ಸಾಹವಿತ್ತು. "ಇನ್ನು ಬಿಡುದಾ?"

ಬೇಡ ಎಂದಳು ಸುಪ್ರಿತಾ. ತನ್ನ ದನಿ ಇಷ್ಟು ಮೆತ್ತಗೆ ಬಂದದ್ದು ಅವಳಿಗೇ ನಂಬಲಾಗಲಿಲ್ಲ. ಈಗ ಹೊಸ ಪದ ಕಲಿಯೋಣ, ನಿಂತಲ್ಲೇ ಮೆಲ್ಲ ಕೂತುಕೊಳ್ಳಿ, ಅದನ್ನು ಮಡಿಲಿನಲ್ಲಿ ಬಟ್ಟೆಯ ಮೇಲೆ ಇಡಿ, ಗಟ್ಟಿ ಹಿಡಿಯಬೇಡಿ, ನಾನು ಈಗಲೇ ಅಲ್ಲಿಗೆ ಬರುತ್ತೇನೆ ಎಂದಳು. ಹೇಳುತ್ತಲೇ ಗೇಟಿನ ಕಡೆ ಓಡತೊಡಗಿದ್ದಳು. ಫೋನಿನಲ್ಲಿ ಮುದುಕಿಯ ಬಳೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು, ನಿಲ್ಲುತ್ತಲೇ ಇರಲಿಲ್ಲ. ಅದರ ಹಿಂದೆ, ಆಟ ಅರ್ಧಕ್ಕೆ ನಿಂತಿತೆಂದು ತಾಳ್ಮೆಗೆಟ್ಟ ಮಗುವಿನ ದನಿ ಹತ್ತಿರ ಹತ್ತಿರ ಬರುತ್ತಿತ್ತು.

"ಡಾಪ್, ಉಮ್ಮಮ್ಮ," ಎನ್ನುತ್ತಿತ್ತು. "ಡಾಪ್."